ಲೆಕ್ಕಕ್ಕಿಲ್ಲದ ಹೆಜ್ಜೆ

ಜೂನ್ ೨, ಭಾನುವಾರ, ಅಕಿತಾ

ಇಂದು ಮಧ್ಯಾಹ್ನ, ತುಂಬಿದ ಕ್ರೀಡಾಂಗಣದಲ್ಲಿ, ಬ್ಯಾಸ್ಕೆಟ್‌ಬಾಲ್ ಪಂದ್ಯದ ರೆಫರಿಯಾಗಿ ನಿಂತು, ಒಬ್ಬ ಹುಡುಗಿಯ ಎರಡು ಅಂಕ ಕದ್ದೆನೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಸೀಟಿ ಊದಿ ಕದಿಯುವ ಕಳ್ಳ ನಾನೊಬ್ಬನೇ ಇರಬೇಕು.

ಕೊನೆಯ ಕ್ಷಣದಲ್ಲಿ ಚಿಹಾರು ಓಡುತ್ತಲೇ ಚೆಂಡು ಹಿಡಿದು ಬುಟ್ಟಿಗೆ ಹಾಕಿದಳು. ನಾನು ‘ಟ್ರಾವೆಲಿಂಗ್’ ಎಂದೆ, ಅಂದರೆ ಚೆಂಡು ಹಿಡಿದು ಎರಡಕ್ಕಿಂತ ಹೆಚ್ಚು ಹೆಜ್ಜೆ ಹಾಕಿದ ತಪ್ಪು; ಅಂಕ ರದ್ದಾಯಿತು. ಅವಳ ಶಾಲೆ ಒಂದೇ ಅಂಕದಿಂದ ಸೋತಿತು. ಕೊನೆಯ ವರ್ಷದವಳು, ಅವಳ ಆಟ ಅಲ್ಲಿಗೇ ಮುಗಿಯಿತು.

“ಸರ್, ಚೆಂಡು ಕೈಗೆ ಬಂದಾಗ ನೆಲದ ಮೇಲಿದ್ದ ಕಾಲನ್ನೂ ಎಣಿಸಿಬಿಟ್ರಾ? ಅದು ಸೊನ್ನೆ ಅಲ್ವಾ? ಆಮೇಲೆ ಎರಡೇ ಹಾಕಿದ್ದು,” ಎಂದು ತಲೆಬಾಗಿಯೇ ಕೇಳಿದಳು.

“ಹತ್ತೊಂಬತ್ತು ವರ್ಷದಿಂದ ಆಟಗಾರರ ಕಾಲು ಬಿಟ್ಟು ಬೇರೇನೂ ನೋಡಿದೋನಲ್ಲಮ್ಮ ನಾನು!” ಎಂದೆ.

ನಾಳೆ ರೆಫರಿಗಳ ಸಮಿತಿಯವರು ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ. ಪರವಾನಗಿ ಹೋದರೆ ಹೋಗಲಿ. ‘ನೀವು ಏನನ್ನು ನೋಡಿದಿರಿ?’ ಎಂದು ಕೇಳಿಬಿಟ್ಟರೆ?

ಎದುರಾಳಿ ತಂಡದ ಬೆಂಚಿನಲ್ಲಿ ವಕಿಸಾಕ ಮೇಷ್ಟ್ರಿದ್ದರು. ನಾನು ಹುಡುಗನಾಗಿದ್ದಾಗ ಆಟ ಕಲಿಸುತ್ತಾ ನನ್ನನ್ನು ಅಳುವವರೆಗೆ ಓಡಿಸಿದವರು. ಚಿಹಾರು ಚೆಂಡು ಹಿಡಿದ ಕ್ಷಣದಲ್ಲೇ, ಅಂದಿನಂತೆಯೇ “ಏಯ್, ಕಾಲು!” ಎಂದು ಗುಡುಗಿದರು. ಸೀಟಿ ತಾನಾಗಿ ಊದಿಹೋಯಿತು. ನಲವತ್ತಾರು ವರ್ಷದ ನಾನು ಬೆಚ್ಚಿಬಿದ್ದು ಬಗ್ಗಿ ನೋಡಿದ್ದು ನನ್ನದೇ ಕಾಲನ್ನು.