ಎಸ್‌ಎಚ್ ಹಾಕಿ ಓಡಿಸಿದ ಫೈಲು

ಹಿರೇಹಳ್ಳಿ, ೨೦೦೮

ಮ್ಯಾನೇಜರ್ ಶಿವಮೂರ್ತಿ ಸಾಹೇಬರಿಗೆ ಸ್ಟೋರಿನ ಯಲ್ಲಯ್ಯನ ನಮಸ್ಕಾರ.

ಸ್ಟಾಕ್ ರಿಪೋರ್ಟ್ ತೆಗೆಯೋ ಸ್ಕ್ರಿಪ್ಟ್ ಫೈಲು ಕೆಡಿಸಿದಳು ಅಂತ ಕೋಮಲಾನ ಕೆಲಸದಿಂದ ತೆಗೀತಿದೀರಂತೆ. ಎಲ್ಲರೆದುರು ನೀವೇ ಓಡಿಸಿ ಎರರ್ ತೋರಿಸಿದ್ರಿ, ಸರಿ. ಆದ್ರೆ ಕಮಾಂಡ್ ಓದಿ ನಡೆಸೋ ಶೆಲ್ಲುಗಳಲ್ಲಿ ಬ್ಯಾಶೇ ಇದನ್ನ ಓದಬೇಕು ಅಂತ ಅವಳು ಮೊದಲ ಸಾಲಲ್ಲೇ ಬರೆದಿದ್ದಾಳೆ. ಫೈಲನ್ನ ನೇರವಾಗಿ ಓಡಿಸಿದ್ರೆ ಕಂಪ್ಯೂಟರ್ ಆ ಸಾಲು ನೋಡಿ ಬ್ಯಾಶನ್ನೇ ಕರೆಯುತ್ತೆ. ನೀವು ಹೆಸರಿಗೆ ಮುಂಚೆ ‘ಎಸ್‌ಎಚ್’ ಅಂತ ಹೊಡೆದ್ರಿ. ಆಗ ಓದೋದು ಎಸ್‌ಎಚ್ ಅನ್ನೋ ಬೇರೆ ಶೆಲ್ಲು, ಮೊದಲ ಸಾಲನ್ನ ಯಾರೂ ಕೇಳಲ್ಲ; ಬ್ಯಾಶಿನ ಮಾತು ಅದಕ್ಕೆ ತಿಳಿಯದೆ ಎರರ್ ಬರುತ್ತೆ. ಹೆಸರಿಗೆ ಮುಂಚೆ ಬರೀ ಚುಕ್ಕಿ ಇಟ್ಟು ಕರೆದ್ರೂ ಅಷ್ಟೇ, ತೆರೆದಿರೋ ಶೆಲ್ಲೇ ಓದ್ಕೊಳ್ಳುತ್ತೆ. ಇದನ್ನೆಲ್ಲ ನಮಗೆ ಹೇಳಿಕೊಟ್ಟವರು ನೀವೇ. ಅದಕ್ಕೇ ನನಗೆ ಡೌಟು.

ನಿಮ್ಮ ಭಾಮೈದ ಭೀಮರಾಜ್ ನಿನ್ನೆಯೇ ಬಂದು ಅವಳ ಕುರ್ಚೀಲಿ ಕೂತು, “ಎತ್ತರ ಸರಿಯಾಗೈತೆ ಕಣಯ್ಯ” ಅಂದ.

ನನ್ನ ಹೆಂಡತಿ ಹೋದಮೇಲೆ ಕೋಮಲಾ ಡಬ್ಬೀಲಿ ನನಗೂ ಒಂದು ಮುದ್ದೆ ತರ್ತಾಳೆ, ಅದಕ್ಕೇ ಮುದುಕ ವಾದ ಮಾಡ್ತಾನೆ ಅಂತೀರಿ. ಅನ್ನಿ. ಬೆನಿಫಿಟ್ ಆಫ್ ಡೌಟ್ ಅಂತ ಕಾಲೇಜಲ್ಲಿ ಓದಿದ್ದೆ, ಮುಂದಿನದು ಮರೆತೆ.

ನಾಳೆ ಎಲ್ಲರೆದುರು ಇನ್ನೊಂದ್ಸಲ ಓಡಿಸಿ ಸಾಹೇಬ್ರೆ. ಕೀಬೋರ್ಡ್ ಮಾತ್ರ ಕೋಮಲಾ ಕೈಗೆ ಕೊಡಿ.

ಇಂತಿ,
ನಿಮ್ಮ ಕೈಕೆಳಗಿನ
ಯಲ್ಲಯ್ಯ