ಬಾವಿಯಲ್ಲಿರುವ ತಮ್ಮನಿಗಾಗಿ

ಮುದ್ದಿನ ಮಗಳೇ,

ಫಸ್ಟ್ಲಿ ಗುಡ್ ನ್ಯೂಸ್, ಸೆಕೆಂಡ್ಲಿ ರಿಕ್ವೆಸ್ಟ್. ಕಾಲೇಜಿನಲ್ಲಿ ಪತ್ರ ಹೀಗೇ ಬರೆಯಬೇಕೆಂದು ಕಲಿಸಿದ್ದರು. ಥರ್ಡ್ಲಿ ಏನೆಂಬುದು ಮರೆತಿದೆ.

ಸೋಮವಾರ ನನ್ನ ಕಣ್ಣಿನ ಪೊರೆ ತೆಗೆಯುತ್ತಾರೆ. ಆಮೇಲೆ ಹತ್ತು ದಿನ ಒಂದಕ್ಷರವನ್ನೂ ಓದಕೂಡದಂತೆ. ಅಲ್ಲೇ ಫಜೀತಿ. ನಿನ್ನಮ್ಮನ ಬೈಬಲ್ಲಿನ ಧೂಳು ಒರೆಸಿದ್ದಷ್ಟೇ ನಾನು, ನಲವತ್ತು ವರ್ಷ. ಈಗ ದಿನಾ ಬೆಳಿಗ್ಗೆ ಅವಳಂತೆಯೇ ಗಟ್ಟಿಯಾಗಿ ಒಂದು ಪುಟ ಓದುತ್ತೇನೆ. ಓದಿದ ದಿನ ಮನೆ ಖಾಲಿ ಅನ್ನಿಸುವುದಿಲ್ಲ, ನಾನು ಮಾಡಿದ ಚಹಾಕ್ಕೂ ರುಚಿ ಬರುತ್ತದೆ! ಕೆಳಗಿನ ದರ್ಜಿ ಕಿಟಕಿಯಿಂದ ಕೇಳಿಸಿಕೊಂಡು ಮೆಷಿನ್ ನಿಲ್ಲಿಸತೊಡಗಿದ. ಈಗ ಅವನ ಅಂಗಡಿಯಲ್ಲೇ ನನಗೊಂದು ಸ್ಟೂಲು.

ನನ್ನ ಅಂದಾಜಿನಲ್ಲಿ ಭಾನುವಾರದ ಪುಟದಲ್ಲಿ ಅಣ್ಣಂದಿರು ತಮ್ಮನನ್ನು ಒಣ ಬಾವಿಗೆ ತಳ್ಳುತ್ತಾರೆ. ಬಾಯಿತಪ್ಪಿ ಹೇಳಿಬಿಟ್ಟೆ. ದರ್ಜಿಯ ಹೆಂಡತಿ ಕತ್ತರಿ ಕೆಳಗಿಟ್ಟಳು.

"ಏನಜ್ಜಾ, ಹತ್ತು ದಿನ ಆ ಮಗು ಬಾವೀಲೇ ಕೂತಿರ್ಬೇಕಾ? ಕರುಳು ಅನ್ನೋದು ಇಲ್ವಾ ನಿಮ್ಗೆ?"

ಆದ್ದರಿಂದ ನೀನು ಬರಬೇಕು. ಅಡುಗೆಗಲ್ಲ, ಓದುವುದಕ್ಕೆ. ಅಮ್ಮ ಹೋದ ಮೇಲೆ ನೀನು ಆ ಪುಸ್ತಕ ಮುಟ್ಟಿಲ್ಲ. ಯಾಕೆಂದು ಕೇಳುವುದಿಲ್ಲ, ಎರಡು ವರ್ಷ ನಾನೂ ಮುಟ್ಟಿರಲಿಲ್ಲ. ಪುಟದಂಚಿನಲ್ಲಿ ಅವಳು ಪೆನ್ಸಿಲ್ಲಿನಲ್ಲಿ ಏನೇನೋ ಬರೆದಿದ್ದಾಳೆ. ನನ್ನ ಮಂಜುಗಣ್ಣಿಗೆ ಅದರಲ್ಲಿ ನಿನ್ನ ಹೆಸರೊಂದೇ ಕಾಣುವುದು. ಬಹಳ ಪುಟಗಳಲ್ಲಿದೆ.

ಭಾನುವಾರ ಸಂಜೆಯೊಳಗೆ ಬಾ. ದರ್ಜಿ ಆಗಲೇ ಎರಡನೇ ಸ್ಟೂಲು ಹಾಕಿದ್ದಾನೆ.

ಇತಿ,
ವೆರಿ ವೆರಿ ಹ್ಯಾಪಿಯಾಗಿರುವ ನಿನ್ನ
ಅಪ್ಪ