ಮುಟ್ಟಬಾರದ ಮೆಟ್ಟಿಲು

ವಕೀಲರಿಗೆ ನಮಸ್ಕಾರ.

ಮನೆ ಪಾಲಿನ ದಾವೆಯಲ್ಲಿ ‘ಯಥಾಸ್ಥಿತಿ ಕಾಪಾಡಬೇಕು’ ಎಂದು ಆದೇಶವಾದಾಗ ಅದರ ಅರ್ಥ ಕೇಳಿದ್ದೆ. “ಇದ್ದದ್ದು ಇದ್ದ ಹಾಗೇ ಇರ್ಲಿ, ಏನೂ ಮುಟ್ಬೇಡಿ” ಅಂದಿರಿ. ಮುರಿದ ಮೆಟ್ಟಿಲನ್ನೂ ಮುಟ್ಟಬಾರದೇ ಎಂದು ನಿಮ್ಮ ಗುಮಾಸ್ತರನ್ನು ಮೂರು ಸಲ ಕೇಳಿದೆ. “ಸಾಹೇಬ್ರು ಕೋರ್ಟಲ್ಲಿದಾರೆ” ಎಂಬುದೇ ಉತ್ತರ. ಸೋಮವಾರ ಅಮ್ಮ ಅದೇ ಮೆಟ್ಟಿಲಿನಿಂದ ಜಾರಿ ಸೊಂಟ ಮುರಿದುಕೊಂಡರು.

ನಿಮ್ಮ ಕಾಗದಗಳಲ್ಲಿ ‘ಪ್ರತಿವಾದಿ’ಯಾಗಿರುವ ನನ್ನ ಅಣ್ಣ ಓಡಿಬಂದ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿ ಬಂದವನೇ ಸಿಮೆಂಟ್ ಕಲಸಲು ಕೂತ.

“ಕೋರ್ಟ್ ಆರ್ಡರ್ ಇದೆ ಅಣ್ಣಾ” ಅಂದೆ.

“ಜೈಲಿಗೆ ನಾನು ಹೋಗ್ತೀನಿ, ನೀನು ನೀರು ತಂದ್ಕೊಡು” ಅಂದ.

ತಂದುಕೊಟ್ಟೆ.

ಇನ್ನು ಯಾವ ಪದದ ಅರ್ಥವೂ ನನಗೆ ಬೇಡ. ರಾಜಿ ಅರ್ಜಿ ಸಿದ್ಧಮಾಡಿ. ಶುಕ್ರವಾರ ಇಬ್ಬರೂ ಬಂದು ಸಹಿ ಹಾಕುತ್ತೇವೆ.

ಇತಿ,
ಪ್ರತಿವಾದಿಯ ತಂಗಿ